ಸಿಕ್ಕಿಬಿದ್ದ ಮಂತ್ರಿಯನ್ನು ಸ್ಟೇಜ್ ಮೇಲೆ ತರೋದು ಹೇಗೆ?

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಜಾತ್ರೆಯ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಪರದೆ ಏಳುವ ಮುಂಚೆ ಒಂದು ತಾಸು ಉದ್ಘಾಟನೆ ಇರುತ್ತದೆ. ಶಾಸಕರು, ಅವರು ಬರದಿದ್ದರೆ ಅವರ ತಮ್ಮ, ಸೊಸೈಟಿ ಅಧ್ಯಕ್ಷರು, ಮಾಜಿ ಮೆಂಬರು, ಎಲ್ಲರಿಗೂ ಶಾಲು, ಹಾರ. ದೇಣಿಗೆ ಕೊಟ್ಟವರ ಹೆಸರು ಮೈಕಿನಲ್ಲಿ ಎರಡೆರಡು ಸಲ. ಆಮೇಲೆ ನಾಟಕ ಶುರು, ಮತ್ತು ಮೊದಲ ಹಾಸ್ಯದ ಸೀನಿನಲ್ಲೇ ಖಾದಿ ಜುಬ್ಬದ ಒಬ್ಬ ಆಸಾಮಿ ಗುತ್ತಿಗೆದಾರನ ಕಡೆಯಿಂದ ನೋಟು ಎಣಿಸಿಕೊಳ್ಳುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಅಸಲಿ ಖಾದಿಯವರೂ ನಗುತ್ತಾರೆ. ಪೆಂಡಾಲಿಗೆ ದುಡ್ಡು ಕೊಟ್ಟಿದ್ದು ಅವರೇ!

ಇದು ಹೇಗೆ ನಡೆಯುತ್ತದೆ? ಯಾರೂ ಕೇಸು ಯಾಕೆ ಹಾಕುವುದಿಲ್ಲ? ಹಾಕಿದರೆ ಏನಾಗುತ್ತದೆ? ಹಗರಣದ ಸುದ್ದಿಯನ್ನು ಟೀವಿಯಲ್ಲಿ ನೋಡುವಾಗ ಸಿಟ್ಟು ಬರುತ್ತದೆ, ಅದನ್ನೇ ಸ್ಟೇಜ್ ಮೇಲೆ ನೋಡಿದರೆ ನಗು ಬರುತ್ತದೆ, ಇದರ ಗುಟ್ಟೇನು? ನನ್ನ ಪ್ರಕಾರ ಈ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಡೆ ಇದೆ. ಒಳ್ಳೆಯ ರಾಜಕೀಯ ಪ್ರಹಸನ ಮಂತ್ರಿ ಮಾಡಿದ ತಪ್ಪಿನ ಬಗ್ಗೆ ಇರುವುದಿಲ್ಲ. ಆ ತಪ್ಪನ್ನು ಮುಚ್ಚಿಡಲು ಅವನು ಪಡುವ ಪಾಡಿನ ಬಗ್ಗೆ ಇರುತ್ತದೆ.

ಸುಮ್ನೆ ಹೇಳಿದರೆ ಅರ್ಥವಾಗಲ್ಲ. ಒಂದು ಕಥೆ ಕಟ್ಟಿ ನೋಡೋಣ.

ಡಿಸೆಂಬರ್ ತಿಂಗಳು, ಬೆಳಗಾವಿ ಅಧಿವೇಶನ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆದ ಮೇಲೆ ಬಹುತೇಕ ಪ್ರತಿ ಚಳಿಗಾಲ ಇಡೀ ಸರ್ಕಾರವೇ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದು ಕೂರುತ್ತದೆ. ಲಾಡ್ಜುಗಳೆಲ್ಲ ಫುಲ್. ಆಡಳಿತದವರು, ವಿರೋಧದವರು, ಪತ್ರಕರ್ತರು, ವರ್ಗಾವಣೆಗೆ ಅಲೆಯುವವರು, ಧರಣಿಗೆ ಬಂದವರು, ಎಲ್ಲರೂ ಒಂದೇ ಊರಲ್ಲಿ. ಪ್ರಹಸನ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಒಂದು ಲಾಡ್ಜಿನ ರೂಮು. ಮಂತ್ರಿ ಇದ್ದಾರೆ, ಜೊತೆಗೆ ಪಿ.ಎ. ಗುತ್ತಿಗೆದಾರನೊಬ್ಬ ಬಂದು ಒಂದು ಕರಿ ಬ್ಯಾಗು ಇಟ್ಟು ಹೋಗುತ್ತಾನೆ. ಅದರಲ್ಲಿ ಏನಿದೆ ಅಂತ ನಮಗೆ ತೋರಿಸಿಬಿಡುತ್ತಾರೆ. ಇದು ಮುಖ್ಯ. ಪತ್ತೇದಾರಿ ಕಥೆಯಲ್ಲಿ ಗುಟ್ಟನ್ನು ನಮ್ಮಿಂದ ಮುಚ್ಚಿಡುತ್ತಾರೆ, ಪ್ರಹಸನದಲ್ಲಿ ನಮಗೆ ಮೊದಲೇ ಹೇಳಿ, ಸ್ಟೇಜ್ ಮೇಲಿನವರಿಂದ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಊರಿನಿಂದ ಹೆಂಡತಿ ಬರುತ್ತಾಳೆ, ರೊಟ್ಟಿ ಗಂಟು, ಶೇಂಗಾ ಹಿಂಡಿ ಹಿಡಿದುಕೊಂಡು. ಪಕ್ಕದ ರೂಮಿನಲ್ಲಿ ವಿರೋಧ ಪಕ್ಷದ ನಾಯಕ. ನಡುವೆ ಒಂದೇ ಬಾಗಿಲು, ಅದರ ಚಿಲಕ ಸರಿ ಇಲ್ಲ.

ಹೆಂಡತಿ ಕೇಳುತ್ತಾಳೆ, "ಇದ್ರಾಗ ಏನೈತ್ರೀ?" ಪಿ.ಎ. ಬಾಯಿಂದ ಮೊದಲ ಸುಳ್ಳು ಬರುತ್ತದೆ: "ಫೈಲ್ ಅದಾವ್ರೀ ಅಕ್ಕಾರ." "ಹಂಗಾದ್ರ ಕೊಡು, ಧೂಳ ಝಾಡಸ್ತೀನಿ." ಅವನು ಬ್ಯಾಗು ಎಳೆದುಕೊಳ್ಳುತ್ತಾನೆ, ಜಿಪ್ಪು ಬಿಚ್ಚಿಕೊಳ್ಳುತ್ತದೆ, ನೋಟು ಕಾಣುತ್ತದೆ. ಈಗ ಮೊದಲಿನದಕ್ಕಿಂತ ದೊಡ್ಡ ಸುಳ್ಳು ಬೇಕು. "ಇದು ಸಾಹೇಬ್ರ ದುಡ್ಡಲ್ರೀ, ಮುಳುಗಡೆ ಸಂತ್ರಸ್ತರಿಗೆ ಹಂಚಾಕ ತಂದದ್ದು!" ಆಲಮಟ್ಟಿ ಹಿನ್ನೀರಿಗೆ ಊರು ಕಳೆದುಕೊಂಡವರಿಗೆ ಪರಿಹಾರ ಅನ್ನುತ್ತಾನೆ. ಹೆಂಡತಿಯ ತವರು ಅದೇ ಮುಳುಗಡೆಯ ಹಳ್ಳಿ. ಅವಳು ಖುಷಿಯಿಂದ ಅಳುತ್ತಾಳೆ, ಅಣ್ಣನಿಗೆ ಫೋನು ಹಚ್ಚುತ್ತಾಳೆ. ಚಿಲಕ ಸರಿ ಇಲ್ಲದ ಬಾಗಿಲಿಂದ ವಿರೋಧ ಪಕ್ಷದ ನಾಯಕ ಕೇಳಿಸಿಕೊಂಡು, "ಭಲೇ, ನಾನೂ ನಿಮ್ಮ ಜೋಡಿ ಬರ್ತೀನಿ" ಅಂತ ಪತ್ರಕರ್ತರನ್ನು ಕರೆಸುತ್ತಾನೆ. ಇಂಟರ್‌ವಲ್ ಹೊತ್ತಿಗೆ, ಮಂತ್ರಿ ತಾನು ತಿಂದ ಲಂಚವನ್ನು ಕ್ಯಾಮೆರಾ ಎದುರು, ಕಣ್ಣೀರು ಹಾಕುತ್ತಾ, ಸಂತ್ರಸ್ತರಿಗೆ ಹಂಚಬೇಕಾದ ಸ್ಥಿತಿ. ಗುತ್ತಿಗೆದಾರ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ, ಅವನ ಮುಖ ನೋಡಬೇಕು.

ಇಲ್ಲಿ ಏನಾಯಿತು ಗಮನಿಸಿ. ಮಂತ್ರಿ ಲಂಚ ತಿಂದ ಅನ್ನುವುದು ಜೋಕೇ ಅಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಹುಟ್ಟುವುದು ಒಂದು ಸುಳ್ಳು ಇನ್ನೊಂದನ್ನು ಹಡೆಯುವ ಲೆಕ್ಕದಿಂದ, ಮತ್ತು ಪ್ರತಿ ಸುಳ್ಳೂ ಹಿಂದಿನದಕ್ಕಿಂತ ಜಾಸ್ತಿ ಪುಣ್ಯವಂತ ಸುಳ್ಳಾಗಿರುವುದರಿಂದ. ಬಾಗಲಕೋಟೆಯಲ್ಲಿ ಈ ಸೀನು ಆಡಿದರೆ ಇನ್ನೊಂದು ಸಂಗತಿ ನಡೆಯುತ್ತದೆ. ಹಳೇ ಬಾಗಲಕೋಟೆಯ ಎಷ್ಟೋ ಭಾಗ ಹಿನ್ನೀರಿಗೆ ಹೋಗಿ ಜನ ನವನಗರಕ್ಕೆ ಬಂದವರು, ಪರಿಹಾರದ ಕೇಸು ಕೋರ್ಟಿನಲ್ಲಿ ಹಾಕಿ ವರ್ಷಗಟ್ಟಲೆ ಅಲೆದವರು ಪೆಂಡಾಲಿನಲ್ಲೇ ಕೂತಿರುತ್ತಾರೆ. ಅವರು ನಗುತ್ತಾರೆ, ಆದರೆ ಆ ನಗುವಿನ ಬಗೆ ಬೇರೆ. ಇದೇ ಸೀನನ್ನು ಬೆಂಗಳೂರಿನಲ್ಲಿ ಆಡಿದರೆ ಅದು ಬರೀ ಗಡಿಬಿಡಿಯ ಕಾಮಿಡಿ.

ಇನ್ನೊಂದು ಮಾತು. ಈ ಮಂತ್ರಿ ದಡ್ಡನಾಗಿರಬಾರದು. ಹೊಸಬರು ಬರೆಯುವಾಗ ಇದರಲ್ಲೇ ಎಡವುತ್ತಾರೆ, ಮಂತ್ರಿಯನ್ನು ಓದು ಬರದ ಕೋಡಂಗಿ ಮಾಡಿಬಿಡುತ್ತಾರೆ. ದಡ್ಡ ಸಿಕ್ಕಿಬಿದ್ದರೆ ಅಯ್ಯೋ ಪಾಪ ಅನಿಸುತ್ತದೆ. ಜಾಣ ಸಿಕ್ಕಿಬೀಳಬೇಕು, ತನ್ನ ಜಾಣತನದಿಂದಲೇ ಸಿಕ್ಕಿಬೀಳಬೇಕು. ಅವನ ಭಾಷೆಯೂ ಎರಡು ಥರ ಇರಬೇಕು. ಮೈಕಿನ ಮುಂದೆ "ನಾಡಿನ ಸಮಸ್ತ ಜನತೆಗೆ" ಅನ್ನುವ ಭಾಷಣದ ಕನ್ನಡ, ಮೈಕು ಆಫ್ ಆದ ಕೂಡಲೇ "ಏ ಹಲ್ಕಟ್, ಬ್ಯಾಗ್ ಎಲ್ಲಿಟ್ಟಿ?" ಅನ್ನುವ ಜವಾರಿ ಕನ್ನಡ. ನಮ್ಮ ಕಡೆಯ ನಟರು ಈ ಗೇರು ಬದಲಿಸುವುದರಲ್ಲಿ ಪಂಟರು. ಅರ್ಧ ನಗು ಅದರಿಂದಲೇ ಗಿಟ್ಟುತ್ತದೆ. ಇನ್ನರ್ಧ ಪಿ.ಎ. ಪಾತ್ರದಿಂದ. ನಾಟಕದಲ್ಲಿ ನಿಜವಾಗಿ ರಾಜ್ಯ ಆಳುವವನು ಅವನೇ. (ನಾಟಕದಲ್ಲಿ ಮಾತ್ರವಾ ಅಂತ ಕೇಳಬೇಡಿ.)

ಈ ಆಟ ಹೊಸದೇನಲ್ಲ. ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆಗೆ ಜನವರಿಯ ಬನದ ಹುಣ್ಣಿಮೆ ಹೊತ್ತಿಗೆ ನಾಟಕ ಕಂಪನಿಗಳು ಬಂದು ಡೇರೆ ಹಾಕಿ, ವಾರಗಟ್ಟಲೆ ದಿನಾ ಆಟ ಆಡುತ್ತವೆ. ಆ ಡೇರೆಗಳಿಂದ ಕೆಲವೇ ಕಿಲೋಮೀಟರ್ ದೂರದ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ ಕಾಲದಲ್ಲಿ ಅವನ ಶತ್ರು ಕಂಚಿಯ ಪಲ್ಲವ ರಾಜ ಮಹೇಂದ್ರವರ್ಮ. ಐಹೊಳೆಯ 634ರ ಶಾಸನ, ಪುಲಕೇಶಿಯ ದಂಡು ಬಂದಾಗ ಪಲ್ಲವ ರಾಜ ಕಂಚಿಯ ಕೋಟೆ ಗೋಡೆಯ ಹಿಂದೆ ಅಡಗಿದ ಅಂತ ಹೇಳುತ್ತದೆ. ಆ ಮಹೇಂದ್ರವರ್ಮ ಸಂಸ್ಕೃತದಲ್ಲಿ 'ಮತ್ತವಿಲಾಸ' ಅನ್ನುವ ಪ್ರಹಸನ ಬರೆದಿದ್ದಾನೆ. ಕುಡುಕ ಕಾಪಾಲಿಕನೊಬ್ಬನ (ತಲೆಬುರುಡೆ ಹಿಡಿದು ಭಿಕ್ಷೆ ಬೇಡುವ ಶೈವ ಸನ್ಯಾಸಿ) ಕಪಾಲದ ಭಿಕ್ಷಾಪಾತ್ರೆ ಕಳೆದುಹೋಗುತ್ತದೆ, ಬೌದ್ಧ ಭಿಕ್ಷು ಕದ್ದ ಅಂತ ಜಗಳ. ಕೋರ್ಟಿಗೆ ಹೋಗೋಣ ಅಂತ ಮಾತು ಬಂದಾಗ ಕಾಪಾಲಿಕನ ಜೊತೆಗಾತಿ ಹೇಳುವುದೇನೆಂದರೆ, ಹೋಗಿ ಪ್ರಯೋಜನ ಇಲ್ಲ, ಈ ಭಿಕ್ಷುವಿನ ಹತ್ತಿರ ಎಷ್ಟೋ ಬೌದ್ಧ ವಿಹಾರಗಳ ಆದಾಯ ಇದೆ, ಅಧಿಕಾರಿಗಳ ಬಾಯಿ ತುಂಬಿಸುತ್ತಾನೆ, ನಮ್ಮ ಹತ್ತಿರ ಏನಿದೆ? ಏಳನೇ ಶತಮಾನದಲ್ಲಿ, ರಾಜನೇ ತನ್ನ ರಾಜಧಾನಿಯ ನ್ಯಾಯದ ಕಟ್ಟೆ ದುಡ್ಡಿಗೆ ಬಗ್ಗುತ್ತದೆ ಅಂತ ಸ್ಟೇಜ್ ಮೇಲೆ ಹೇಳಿಸಿದ್ದಾನೆ. ಕೋಟೆಯ ಹಿಂದೆ ಅಡಗಿದವನಿರಬಹುದು, ಈ ಧೈರ್ಯಕ್ಕೆ ಮಾತ್ರ ಮೆಚ್ಚಬೇಕು.

ಹಾಗೆ ನೋಡಿದರೆ ದೊಡ್ಡವರನ್ನು ಅಣಕಿಸಲು ಹಳೆಯ ಕಾಲದಿಂದಲೂ ದಾರಿ ಎರಡು. ಒಂದು, ನೇರವಾಗಿ ಆಸಾಮಿಯನ್ನೇ ಹಿಡಿಯುವುದು. ಅಥೆನ್ಸಿನಲ್ಲಿ ಅರಿಸ್ಟೊಫೇನಿಸ್ ಕ್ರಿ.ಪೂ. 424ರಲ್ಲಿ ಅಧಿಕಾರದ ತುದಿಯಲ್ಲಿದ್ದ ಕ್ಲಿಯೋನ್ ಎಂಬ ನಾಯಕನನ್ನು ಹಾಗೇ ಎಳೆದು ತಂದ. ಮುಖವಾಡ ಮಾಡುವವರು ಹೆದರಿ ಅವನ ಮುಖ ಮಾಡಿಕೊಡಲಿಲ್ಲ ಅಂತ ಆ ನಾಟಕದ ಒಳಗೇ ಒಂದು ಮಾತಿದೆ. ಇನ್ನೊಂದು, ಯಾರ ಹೆಸರೂ ಹೇಳದೆ ಇಡೀ ಆಫೀಸನ್ನೇ ಬೆತ್ತಲೆ ಮಾಡುವುದು. 1836ರಲ್ಲಿ ರಷ್ಯಾದ ಗೊಗೊಲ್ ಒಂದು ಸಣ್ಣ ಊರಿನ ಭ್ರಷ್ಟ ಅಧಿಕಾರಿಗಳು ಒಬ್ಬ ಪೋಲಿಯನ್ನು ದೊಡ್ಡ ಇನ್‌ಸ್ಪೆಕ್ಟರ್ ಅಂತ ತಿಳಿದು ಅವನಿಗೆ ಲಂಚ ಸುರಿಯುವ ನಾಟಕ ಬರೆದ. ಮೊದಲ ಪ್ರದರ್ಶನಕ್ಕೆ ಝಾರ್ ದೊರೆಯೇ ಬಂದು ಕೂತು ನಕ್ಕ. ನಮ್ಮ ಜಾತ್ರೆಯ ಮುಂದಿನ ಸಾಲಿನವರು ನಗುವುದು ಯಾಕೆ ಅಂತ ಈಗ ತಿಳಿಯಿತಲ್ಲ? ಅದು ತನ್ನ ಬಗ್ಗೆ ಅಲ್ಲ, ಪಕ್ಕದ ಮತಕ್ಷೇತ್ರದವನ ಬಗ್ಗೆ ಅಂತ ಪ್ರತಿಯೊಬ್ಬನೂ ಅಂದುಕೊಳ್ಳುತ್ತಾನೆ. ನಗದೇ ಮುಖ ಗಂಟು ಹಾಕಿಕೊಂಡರೆ ತಾನೇ ಕಳ್ಳ ಅಂತ ಒಪ್ಪಿಕೊಂಡ ಹಾಗೆ.

ನಮ್ಮ ಜಾನಪದ ಆಟಗಳಲ್ಲೂ ಇದಕ್ಕೆ ಜಾಗ ಮಾಡಿಟ್ಟಿದ್ದಾರೆ. ಬೆಳಗಾವಿ, ಬಾಗಲಕೋಟೆ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ರುಕ್ಮಿಣಿ, ಸತ್ಯಭಾಮೆಯರ ಕಥೆ ನಡೆಯುತ್ತಿದ್ದರೂ ಭಾಗವತನ ಮಾತಿಗೆ ಲಗಾಮಿಲ್ಲ, ದ್ವಾರಕೆಯಿಂದ ಒಂದೇ ನೆಗೆತಕ್ಕೆ ಊರಿನ ಸಂಗತಿಗೆ ಬಂದು ಮತ್ತೆ ದ್ವಾರಕೆಗೆ ಹೋಗಬಹುದು. ಕಂಪನಿ ನಾಟಕದಲ್ಲಿ ಈ ಕೆಲಸ ಹಾಸ್ಯ ನಟನದು. ಬರೆದ ನಾಟಕದಲ್ಲೂ ನಮ್ಮವರಿದ್ದಾರೆ: ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರು ಸಭ್ಯರ ಸೋಗನ್ನು ಬಿಚ್ಚಿಡುವುದನ್ನೇ ಜೀವಮಾನದ ಕೆಲಸ ಮಾಡಿಕೊಂಡಿದ್ದರು. ಇನ್ನು ಕನ್ನಡದಲ್ಲಿ ರಾಜಕೀಯ ಪ್ರಹಸನ ಅಂದ ಕೂಡಲೇ ನೆನಪಾಗುವುದು ಮಾಸ್ಟರ್ ಹಿರಣ್ಣಯ್ಯ. 2019ರಲ್ಲಿ ತೀರಿಕೊಂಡರು. ಅವರ ನಾಟಕ 'ಲಂಚಾವತಾರ' ದಶಕಗಟ್ಟಲೆ ಓಡಲು ಕಾರಣ ಕಥೆ ಅಲ್ಲ, ಕಥೆ ಅದೇ ಇರುತ್ತಿತ್ತು. ಅವತ್ತಿನ ಪೇಪರಿನಲ್ಲಿ ಬಂದ ಸುದ್ದಿ ಅವತ್ತು ರಾತ್ರಿಯ ಮಾತಿನಲ್ಲಿ ಬರುತ್ತಿತ್ತು. ಬರೆದ ನಾಟಕ ಬರೀ ಹಂದರ, ಹಬ್ಬುವ ಬಳ್ಳಿ ದಿನದ ಸುದ್ದಿ.

ಆ ದಿನದ ಸುದ್ದಿಗೇನೂ ನಮ್ಮ ರಾಜ್ಯದಲ್ಲಿ ಬರ ಇಲ್ಲ. 2012ರ ಫೆಬ್ರವರಿಯಲ್ಲಿ ವಿಧಾನಸಭೆ ನಡೆಯುತ್ತಿದ್ದಾಗಲೇ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಆರೋಪದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. 2019ರ ಜುಲೈನಲ್ಲಿ ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತು, ಇಲ್ಲಿ ಸರ್ಕಾರ ವಿಶ್ವಾಸಮತದಲ್ಲಿ 99–105ರಿಂದ ಬಿತ್ತು. ಇಲ್ಲಿ ನಾಟಕಕಾರನಿಗೆ ಒಂದು ಕಷ್ಟ ಇದೆ. ನಿಜವೇ ಇಷ್ಟು ಪ್ರಹಸನದ ಹಾಗಿದ್ದರೆ ಅವನು ಹೊಸದಾಗಿ ಏನು ಸೇರಿಸಬೇಕು? ನಡೆದದ್ದನ್ನು ಹಾಗೇ ಆಡಿ ತೋರಿಸಿದರೆ ಟೀವಿ ಸುದ್ದಿಯ ಕಾಪಿ ಆಗುತ್ತದೆ, ಜನ ಎರಡನೇ ಸಲ ನಗುವುದಿಲ್ಲ. ಟೀವಿ ತೋರಿಸದ ಭಾಗವನ್ನು ತೋರಿಸಬೇಕು. ವಿಡಿಯೊ ಪ್ರಸಾರ ಆದ ಮೇಲೆ ಮನೆಯಲ್ಲಿ ಊಟಕ್ಕೆ ಕೂತಾಗ ಏನಾಯಿತು, ವಕೀಲ ಏನು ಹೇಳಿದ, "ನನ್ನ ವಿರುದ್ಧ ಷಡ್ಯಂತ್ರ" ಅನ್ನುವ ಪತ್ರಿಕಾ ಹೇಳಿಕೆ ಬರೆದುಕೊಟ್ಟವರು ಯಾರು, ಎದೆನೋವು ಎಷ್ಟು ಗಂಟೆಗೆ ಶುರುವಾಗಬೇಕು ಅಂತ ತೀರ್ಮಾನಿಸಿದವರು ಯಾರು, ಮಠಕ್ಕೆ ಮೊದಲು ಹೋಗಬೇಕೋ ಹೈಕಮಾಂಡಿಗೋ. ಆ ಕೋಣೆಯೊಳಗೆ ಕ್ಯಾಮೆರಾ ಇಲ್ಲ, ನಾಟಕಕ್ಕೆ ಮಾತ್ರ ಪ್ರವೇಶ.

ಈಗ ಕಾನೂನಿನ ಮಾತು. ಜನ ಇದರಲ್ಲಿ ಬಹಳ ಗೊಂದಲ ಮಾಡಿಕೊಳ್ಳುತ್ತಾರೆ.

ನಾಟಕವನ್ನು ಹತ್ತಿಕ್ಕಲು ಬ್ರಿಟಿಷರು ಒಂದು ಕಾಯ್ದೆ ತಂದಿದ್ದರು, 1876ರಲ್ಲಿ. ಅದು ಹುಟ್ಟಿದ್ದೇ ಒಂದು ಹಗರಣದ ಪ್ರಹಸನದಿಂದ. ಇಂಗ್ಲೆಂಡಿನ ಯುವರಾಜ ಕಲ್ಕತ್ತೆಗೆ ಬಂದಾಗ ದೊಡ್ಡ ವಕೀಲರೊಬ್ಬರು ಅವನನ್ನು ಮನೆಗೆ ಕರೆದು, ಅಂತಃಪುರದ ಹೆಂಗಸರಿಂದ ಸ್ವಾಗತ ಮಾಡಿಸಿದರು. ಊರೆಲ್ಲ ಗುಲ್ಲಾಯಿತು, ನಾಟಕದವರು ಆ ವಕೀಲರನ್ನು ಅಣಕಿಸಿ ಪ್ರಹಸನ ಆಡಿದರು. ಪೊಲೀಸರು ತಡೆದರೆ ಹೆಸರು ಬದಲಿಸಿ ಮತ್ತೆ ಆಡಿದರು, ಆಮೇಲೆ ಪೊಲೀಸ್ ಅಧಿಕಾರಿಗಳನ್ನೇ ಅಣಕಿಸಿದರು. ಮೊದಲು ಸುಗ್ರೀವಾಜ್ಞೆ, ಅದೇ ವರ್ಷ ಕಾಯ್ದೆ. ಮುಂದೆ ನಮ್ಮ ಪಕ್ಕದ ಸಾಂಗಲಿಯವರಾದ ಖಾಡಿಲ್ಕರ್ 1907ರಲ್ಲಿ ಮರಾಠಿಯಲ್ಲಿ 'ಕೀಚಕವಧ' ಆಡಿಸಿದಾಗ, ಕೀಚಕ ಅಂದರೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್ ಅಂತ ನೋಡುವವರಿಗೆಲ್ಲ ತಿಳಿಯಿತು, 1910ರಲ್ಲಿ ಸರ್ಕಾರಕ್ಕೂ ತಿಳಿದು ನಿಷೇಧ ಬಿತ್ತು. ಆ 1876ರ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಪುಸ್ತಕದಲ್ಲಿ ಉಳಿದಿತ್ತು. 1956ರಲ್ಲಿ ಅಲಹಾಬಾದ್ ಹೈಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಸಂಸತ್ತು ಅದನ್ನು ರದ್ದು ಮಾಡಿದ್ದು 2018ರ ಜನವರಿ ಹೊತ್ತಿಗೆ.

ಇನ್ನು ಮಾನನಷ್ಟ. ಹೆಸರು ಹೇಳದಿದ್ದರೆ ಕೇಸಿಲ್ಲ ಅಂತ ಬಹಳ ಜನ ನಂಬಿದ್ದಾರೆ. ತಪ್ಪು. ಯಾರ ಬಗ್ಗೆ ಅಂತ ಗುರುತು ಸಿಕ್ಕರೆ ಸಾಕು. ಬರೀ ತಮಾಷೆ ಮಾಡಿದ್ದು, ವ್ಯಂಗ್ಯ ಅಷ್ಟೆ ಅನ್ನುವ ಸಮಜಾಯಿಷಿಯೂ ತಾನಾಗೇ ಕಾಪಾಡುವುದಿಲ್ಲ. ಹಳೆಯ ದಂಡಸಂಹಿತೆಯ 499ನೇ ಕಲಮಿನಲ್ಲಿ, ವ್ಯಂಗ್ಯವಾಗಿ ಹೇಳಿದರೂ ಮಾನನಷ್ಟ ಆಗಬಹುದು ಅಂತ ಸ್ಪಷ್ಟವಾಗಿಯೇ ಇದೆ. ಅದಕ್ಕೆ ಕೊಟ್ಟ ಉದಾಹರಣೆಯೇ ಒಂದು ನಾಟಕದ ಡೈಲಾಗಿನ ಹಾಗಿದೆ: ಕದ್ದಿದ್ದಾನೆ ಅಂತ ಎಲ್ಲರೂ ನಂಬಲಿ ಎಂದೇ ಒಬ್ಬ ಹೇಳುತ್ತಾನೆ, ಅವನು ಪ್ರಾಮಾಣಿಕ ಮನುಷ್ಯ, ವಾಚು ಕದ್ದೇ ಇಲ್ಲ! 2024ರ ಜುಲೈ 1ರಿಂದ ಈ ಕಲಮು ಭಾರತೀಯ ನ್ಯಾಯ ಸಂಹಿತೆಯ 356 ಆಗಿದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ, ಅಥವಾ ಸಮುದಾಯ ಸೇವೆ. ಇದನ್ನು ಕ್ರಿಮಿನಲ್ ಅಪರಾಧವಾಗಿ ಇಟ್ಟುಕೊಳ್ಳುವುದು ಸರಿ ಅಂತ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದೆ.

ಆದರೆ ಅದೇ ಕಲಮಿಗೆ ಹತ್ತು ವಿನಾಯಿತಿಗಳಿವೆ. ನಾಟಕದವರಿಗೆ ಬೇಕಾದದ್ದು ಎರಡನೆಯದು, ಮೂರನೆಯದು. ಸರ್ಕಾರಿ ಹುದ್ದೆಯಲ್ಲಿ ಇರುವವನು ಆ ಕೆಲಸದಲ್ಲಿ ಹೇಗೆ ನಡೆದುಕೊಂಡ, ಸಾರ್ವಜನಿಕ ವಿಷಯದಲ್ಲಿ ಯಾರಾದರೂ ಹೇಗೆ ನಡೆದುಕೊಂಡರು ಅನ್ನುವ ಬಗ್ಗೆ ಒಳ್ಳೆಯ ಮನಸ್ಸಿನಿಂದ ಅಭಿಪ್ರಾಯ ಹೇಳಿದರೆ ಅದು ಮಾನನಷ್ಟ ಅಲ್ಲ. ಅಭಿಪ್ರಾಯ, ನೆನಪಿರಲಿ, ಕಟ್ಟುಕಥೆಯ ಆರೋಪ ಅಲ್ಲ. 1994ರಲ್ಲಿ ಸುಪ್ರೀಂ ಕೋರ್ಟು ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆಯ ಪ್ರಕರಣದಲ್ಲಿ, ಅಧಿಕಾರದಲ್ಲಿ ಇರುವವರು ತಮ್ಮ ಹುದ್ದೆಯ ನಡತೆಯ ಟೀಕೆಗೆ ಪರಿಹಾರ ಕೇಳುವ ಹಾದಿಯನ್ನು ಬಹಳ ಕಿರಿದು ಮಾಡಿತು. 2019ರಲ್ಲಿ ಬಂಗಾಳದ ಒಂದು ರಾಜಕೀಯ ವಿಡಂಬನೆಯ ಸಿನಿಮಾವನ್ನು ಟಾಕೀಸುಗಳಿಂದ ಎತ್ತಂಗಡಿ ಮಾಡಿಸಿದ್ದಕ್ಕೆ ರಾಜ್ಯ ಸರ್ಕಾರ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕಾಯಿತು.

ಈಗ ನಮ್ಮ ಕರಿ ಬ್ಯಾಗಿನ ಕಥೆಗೆ ಇದನ್ನು ಹಚ್ಚಿ ನೋಡಿ. ಮಂತ್ರಿಯ ಲಂಚ, ಅವನ ಪತ್ರಿಕಾಗೋಷ್ಠಿ, ಅವನ ಸುಳ್ಳು ಭರವಸೆ, ಇದೆಲ್ಲ ಹುದ್ದೆಯ ನಡತೆ. ಅವನ ಮಲಗುವ ಕೋಣೆ ಅಲ್ಲ. ಮುಚ್ಚಿಡುವ ಪಾಡನ್ನು ಹಿಡಿದುಕೊಂಡ ನಾಟಕ ಜಾಸ್ತಿ ನಗಿಸುತ್ತದೆ, ಕಾನೂನಿನ ಕಣ್ಣಲ್ಲೂ ಜಾಸ್ತಿ ಗಟ್ಟಿ ನೆಲದ ಮೇಲೆ ನಿಲ್ಲುತ್ತದೆ. ಕೆಲವು ತಂಡಗಳು ಮಾಡುವುದು ಉಲ್ಟಾ. ಹಗರಣ ಅಂದ ಕೂಡಲೇ ಅದರಲ್ಲಿರುವ ಹೆಣ್ಣನ್ನು ಸ್ಟೇಜ್ ಮೇಲೆ ತಂದು, ಡಬಲ್ ಮೀನಿಂಗ್ ಮಾತು ತುರುಕಿ, ಸೀಟಿ ಗಿಟ್ಟಿಸುತ್ತಾರೆ. ಮಂತ್ರಿ ಆ ಗದ್ದಲದಲ್ಲಿ ಆರಾಮಾಗಿ ಪಾರಾಗುತ್ತಾನೆ, ಎಷ್ಟೋ ಸಲ ರಸಿಕ ಅನಿಸಿಕೊಂಡು ಹೀರೋ ಆಗಿಯೇ ಹೊರಗೆ ಬರುತ್ತಾನೆ. ನನಗೆ ಇದು ವಿಡಂಬನೆ ಅಂತ ಅನಿಸಿಲ್ಲ. "ಎಲ್ಲಾ ಕಳ್ಳರ ಅದಾರ" ಅಂತ ಕೈ ತೊಳೆದುಕೊಳ್ಳುವ ನಾಟಕವೂ ಅಷ್ಟೇ, ಅದಕ್ಕೆ ಅತಿ ಜೋರಾಗಿ ಚಪ್ಪಾಳೆ ಹೊಡೆಯುವವನು ಅಸಲಿ ಕಳ್ಳ.

ಕೊನೆಗೆ ತಂಡ ಕಟ್ಟುವವರಿಗೆ ಉಪಯೋಗಕ್ಕೆ ಬರುವ ಒಂದೆರಡು ಸಂಗತಿ. ಸಿನಿಮಾಕ್ಕೆ ಇರುವಂಥ ಸೆನ್ಸಾರ್ ಮಂಡಳಿ ನಮ್ಮಲ್ಲಿ ನಾಟಕಕ್ಕೆ ಇಲ್ಲ, ಪೊಲೀಸ್ ಅನುಮತಿ ಬೇಕು. ಮಹಾರಾಷ್ಟ್ರದಲ್ಲಿ ಹಾಗಲ್ಲ, ಅಲ್ಲಿ ಪ್ರದರ್ಶನಕ್ಕೆ ಮೊದಲು ನಾಟಕದ ಪ್ರತಿಯನ್ನು ಪರಿಶೀಲನಾ ಮಂಡಳಿಗೆ ಕೊಡಬೇಕು. ಬೆಳಗಾವಿಯಿಂದ ಕೊಲ್ಲಾಪುರಕ್ಕೋ ಸಾಂಗಲಿಗೋ ಹೋಗುವ ತಂಡಕ್ಕೆ ಗಡಿ ದಾಟಿದ ಕೂಡಲೇ ನಿಯಮ ಬೇರೆ. ಧ್ವನಿವರ್ಧಕದ್ದು ಇನ್ನೊಂದು ತಲೆನೋವು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಮೈಕು ಹಚ್ಚುವಂತಿಲ್ಲ, ಹಬ್ಬ ಹುಣ್ಣಿಮೆಗೆ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ರಾತ್ರಿಯಿಡೀ ಆಡುವ ನಾಟಕಕ್ಕೆ ಇದು ಹೇಗೆ ಹೊಂದುತ್ತದೆ ಅಂತ ಜಾತ್ರೆ ಕಮಿಟಿಯವರನ್ನೇ ಕೇಳಿ. ಅನುಮತಿ ಕೊಡಿಸಲು ಓಡಾಡುವವರೂ ಬಹಳ ಸಲ ಆ ಮುಂದಿನ ಸಾಲಿನ ಸಾಹೇಬರೇ, ಅವರ ಮರ್ಜಿ ನಾಟಕದವರಿಗೆ ಯಾಕೆ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗೀಗ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮೊಬೈಲಿನಿಂದ ಆಗಿದೆ. ಮೊದಲು ಹಾಸ್ಯ ನಟ ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ಹೇಳಿದರೆ ಅದು ಆ ರಾತ್ರಿಗೇ ಮುಗಿಯುತ್ತಿತ್ತು. ಈಗ ಯಾರೋ ಮೂವತ್ತು ಸೆಕೆಂಡು ರೆಕಾರ್ಡ್ ಮಾಡಿ, ಹಿಂದಿನ ಮುಂದಿನ ಮಾತು ಕತ್ತರಿಸಿ ವಾಟ್ಸಾಪಿಗೆ ಹಾಕುತ್ತಾರೆ. ಇಡೀ ನಾಟಕದಲ್ಲಿ ಅಭಿಪ್ರಾಯವಾಗಿದ್ದ ಮಾತು ಆ ತುಣುಕಿನಲ್ಲಿ ನೇರ ಆರೋಪದ ಹಾಗೆ ಕೇಳಿಸುತ್ತದೆ. ಹಾಗಾಗಿ ಆಡುವ ನಾಟಕದ ಪೂರ್ತಿ ಪ್ರತಿಯನ್ನೂ, ಸಾಧ್ಯವಾದರೆ ಪೂರ್ತಿ ವಿಡಿಯೊವನ್ನೂ ತಂಡದವರೇ ಇಟ್ಟುಕೊಳ್ಳುವುದು ಒಳ್ಳೆಯದು. ಠಾಣೆಗೆ ಕರೆದರೆ ತುಣುಕಿನ ಎದುರು ತೋರಿಸಲು ಕೈಯಲ್ಲಿ ಇಡೀ ಸೀನು ಇರುತ್ತದೆ.